ನೀಲಿ ಅಂಗಿಯ ಬಲಭುಜ

ನಾಲ್ಕು ವರ್ಷದಿಂದ ಕೋರ್ಟಿನ ಪ್ರತಿ ವಾಯಿದೆಯಲ್ಲೂ "ನನಗೆ ಹೆಂಡತಿ ಬೇಕು" ಎಂದು ಪಟ್ಟು ಹಿಡಿದಿದ್ದ ಗಡಿಯಾರ ರಿಪೇರಿಯವನು ಈ ಸಲ ತಕರಾರಿಲ್ಲ ಎಂದು ಬರೆದುಕೊಟ್ಟಿದ್ದ. ಹನ್ನೊಂದು ವರ್ಷ ಬೇರೆ ಇದ್ದದ್ದು ನಿಜ, ಮತ್ತೆ ಕೂಡುವ ದಾರಿಯಿಲ್ಲ, ವಿಚ್ಛೇದನ ಆಗಲಿ.

ಅವನ ಹೆಂಡತಿ, ಹೊಲಿಗೆ ಅಂಗಡಿಯವಳು, ಕೋರ್ಟಿನ ಬೆಂಚಿನಲ್ಲಿ ಕೂತು ಆ ಕಾಗದವನ್ನು ಮೂರು ಸಲ ಓದಿದಳು. ಅರ್ಜಿ ಹಾಕಿದವಳು ಅವಳೇ. ಬೇಡಿದ್ದು ಕೈಗೆ ಬಂದಿದ್ದರೂ ಮನಸ್ಸು ಒಪ್ಪದು.

"ಏನೋ ಸಂಚು ಹೂಡಿದ್ದಾರೆ," ಎಂದಳು ಪಕ್ಕದಲ್ಲಿದ್ದ ಅಣ್ಣನಿಗೆ.

"ಒಪ್ಪದಿದ್ರೆ ಹಟಮಾರಿ, ಒಪ್ಪಿದ್ರೆ ಕಳ್ಳ. ಆ ಮನುಷ್ಯ ಇನ್ನೇನು, ಗೋಡೆ ಗಡಿಯಾರದ ಥರ ನೇತಾಡ್ಕೊಂಡಿರಬೇಕಾ?"

"ಮೆಲ್ಲಗೆ ಮಾತಾಡು. ಇತ್ಲಾಗೇ ನೋಡ್ತಿದ್ದಾರೆ."

ಕಿಟಕಿಯ ಕೆಳಗೆ ಅವನು ನೀಲಿ ಅಂಗಿ ತೊಟ್ಟು ಕೂತಿದ್ದ. ಹೊಲಿಗೆಯವಳ ಕಣ್ಣು ಮೊದಲು ಅಂಗಿಗೇ ಹೋಯಿತು. ಇಪ್ಪತ್ತು ವರ್ಷ ಒಂದೇ ಮೊಣಕೈ ಊರಿ ಗಡಿಯಾರ ಬಿಚ್ಚಿದವನ ಬಲಭುಜ ಅರ್ಧ ಇಂಚು ಕೆಳಗೆ. ಜೊತೆಗಿದ್ದಾಗ ಅವಳು ಅಂಗಿಯೊಳಗೆ ಎರಡು ಪದರ ಬಟ್ಟೆ ಕೊಟ್ಟು ಅದನ್ನು ಸಮ ಮಾಡುತ್ತಿದ್ದಳು. ಬೇರೆ ಯಾವ ದರ್ಜಿಯೂ ಆ ಗೋಜಿಗೆ ಹೋಗುವುದಿಲ್ಲ. ಈ ಅಂಗಿಯ ಭುಜಗಳು ತಕ್ಕಡಿಯಂತೆ ಸಮ ಇದ್ದವು.

ಇದು ತನ್ನದೇ ಹೊಲಿಗೆ! ವರ್ಷದ ಕೆಳಗೆ ಯಾರೋ ಅಜ್ಜಿ ಬಟ್ಟೆಯ ಗಂಟು ತಂದಿದ್ದರು, ಜೊತೆಗೆ ಅಳತೆಗೆಂದು ಹಳೆಯ ಅಂಗಿಗಳು. ಅವುಗಳ ಜೋತ ಭುಜ ಕಂಡದ್ದೇ ಕೈ ತಾನಾಗಿ ಪದರ ಇಟ್ಟಿರಬೇಕು. ಮನಸ್ಸು ಎಲ್ಲಿತ್ತೋ.

ಹಾಗಾದರೆ ಇದೇ ಅವನ ಹೂಟ. ಒಳಗೆ ಹೋಗಿ ಭುಜ ತೋರಿಸಿ, 'ನೋಡಿ ಸ್ವಾಮಿ, ಇವತ್ತಿಗೂ ನನ್ನ ಬಟ್ಟೆಬರೆ ನೋಡಿಕೊಳ್ಳುವವಳು ಇವಳೇ' ಅಂದರೆ? ಹನ್ನೊಂದು ವರ್ಷ ನೀರುಪಾಲು.

ಅವಳ ವಕೀಲೆ ಬಂದು, "ಸಂಬಂಧ ಏನಾದ್ರೂ ಉಳಿದಿತ್ತಾ ಅಂತ ಕೇಳ್ತಾರೆ. ಇಲ್ಲ ಅನ್ನಿ. ಉದ್ದ ಮಾಡ್ಬೇಡಿ," ಎಂದರು.

ಒಳಗೆ ನ್ಯಾಯಾಧೀಶರು ಅದನ್ನೇ ಕೇಳಿದರು. ದೇವರ ಮೇಲೆ ಪ್ರಮಾಣ ಮಾಡಿದ ಬಾಯಿ. ಇಲ್ಲ ಎನ್ನಲು ಹೋದಳು, ನಾಲಿಗೆ ಹೊರಳಲಿಲ್ಲ.

"ಒಂದು ಅಂಗಿ ಹೊಲಿದಿದೀನಿ ಸ್ವಾಮಿ. ಅವರು ತೊಟ್ಟಿರೋದೇ. ಯಾರದ್ದು ಅಂತ ಗೊತ್ತಿರಲಿಲ್ಲ."

ವಕೀಲೆ ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಅವನತ್ತ ತಿರುಗಿದರು. "ನೀವೇನಂತೀರಿ?"

"ನಿಜ ಸ್ವಾಮಿ. ನಮ್ಮ ಮನೆ ಓನರಮ್ಮ ಹೊಲಿಸಿ ತಂದರು. ತೊಟ್ಟ ತಕ್ಷಣ ಗೊತ್ತಾಯ್ತು ಯಾರ ಕೈ ಅಂತ. ಬೇಕಂತಲೇ ಮಾಡಿದಾಳೆ, ಕರೀತಿದಾಳೆ ಅಂದ್ಕೊಂಡೆ. ಜೇಬಲ್ಲಿ ಚೀಟಿಯಿದೆಯಾ ಅಂತಾನೂ ಹುಡುಕಿದೆ."

"ಆಮೇಲೆ?"

"ಮೊನ್ನೆ ವಾಯಿದೆ ಹತ್ರ ಬಂತಲ್ಲ, ಹೇಗೂ ಆಗ್ಲಿ ಅಂತ ಅಂಗಡಿಗೆ ಹೋದೆ. ಎದುರಿಗೇ ನಿಂತೆ. ತಲೆಯೆತ್ತಿ ಮುಖ ನೋಡಿದಳು. 'ಏನಣ್ಣ, ಅಳತೆ ಅಂಗಿ ತಂದಿದೀರಾ?' ಅಂದಳು."

ಗಂಡಸರ ಮೈ ಮುಟ್ಟಿ ಅಳತೆ ತೆಗೆಯಕೂಡದು, ಎಲ್ಲರನ್ನೂ ಅಣ್ಣ ಅನ್ನಬೇಕು ಎಂದು ಸಂಸಾರದ ಮೊದಲ ವರ್ಷವೇ ಕಟ್ಟು ಮಾಡಿದವನು ಅವನು. ನಕ್ಕರೆ ಅನುಮಾನ, ನಗದಿದ್ದರೂ ಅನುಮಾನ. ಅವಳು ಮನೆ ಬಿಟ್ಟದ್ದೇ ಅದಕ್ಕೆ. ಬಿಟ್ಟು ಬಂದ ಮೇಲೂ ಬಾಯಿಗೆ ಹತ್ತಿದ 'ಅಣ್ಣ' ಬಿಡಲಿಲ್ಲ.

"ವಾಪಸ್ ಬಂದು ಒಪ್ಪಿಗೆ ಬರೆದೆ," ಎಂದ.

ನ್ಯಾಯಾಧೀಶರು ಪೆನ್ನು ತೆಗೆದರು. ಇಬ್ಬರೂ ಸಹಿ ಹಾಕಿದರು.

ಮೆಟ್ಟಿಲಿಳಿಯುವಾಗಲೂ ಅವಳಿಗೆ ನಂಬಿಕೆಯಿಲ್ಲ. ಯಾವ ದಿನ? ಯಾವ ಹೊತ್ತು? ಇದೂ ಕಟ್ಟುಕಥೆಯೇ ಇರಬೇಕು. ಮೊನ್ನೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದಳು. ಬಂದದ್ದೇ ನಿಜವಾದರೆ ವೇಷ ಮರೆಸಿಕೊಂಡು ಬಂದಿರಬೇಕು.

ಗೇಟಿನ ಬಳಿ ಅವನ ಎದುರು ನಿಂತಳು.

"ಅವತ್ತು ಗಡ್ಡ ಬಿಟ್ಟಿದ್ರಾ?"

"ಇಲ್ಲ," ಎಂದ. "ಹೀಗೇ ಇದ್ದೆ."