ಜೌಗಿನ ಮುದುಕಿಯ ಚರ್ಮ

ಪರದೆಯ ಮೇಲೆ ಮುದುಕಿ ಮೆಲ್ಲಗೆ ತಿರುಗುತ್ತಿದ್ದಳು. ಹಣೆಯ ಮೇಲೊಂದು ಮಚ್ಚೆ, ಕೆನ್ನೆಯ ಮೇಲೆ ಅದೇ ಮಚ್ಚೆ, ಗದ್ದದ ಕೆಳಗೆ ಮತ್ತೆ ಅದೇ. ಪ್ರತಿ ಮಚ್ಚೆಯ ಪಕ್ಕದಲ್ಲೂ ಸುಟ್ಟು ಮುದುಡಿದ ಅದೇ ನೆರಿಗೆ. ನೋಡುತ್ತ ನಿಂತ ಸಿಪ್ಪೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಆ ಮಚ್ಚೆ ಅವಳ ಅಕ್ಕನ ಮೊಣಕೈಯ ಕೆಳಗಿನದು.

ಸಿಪ್ಪೆ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಕಂಪ್ಯೂಟರ್ ಆಟಗಳಿಗೆ ಪಾತ್ರಗಳನ್ನು ಮಾಡಿಕೊಡುವ ಕಚೇರಿ ಅದು. ಆಕಾರ ಕಟ್ಟಿದ ಹೊಸದರಲ್ಲಿ ಪಾತ್ರ ಸುಣ್ಣದ ಗೊಂಬೆಯಂತೆ ಬೋಳಾಗಿರುತ್ತದೆ. ಅದರ ಮೈಯನ್ನು ಕಿತ್ತಳೆಯ ಸಿಪ್ಪೆಯಂತೆ ಸುಲಿದು ಚಪ್ಪಟೆ ಹರಡಿ, ಅದರ ಮೇಲೆ ಚರ್ಮದ್ದೋ ಬಟ್ಟೆಯದ್ದೋ ಕಲ್ಲಿನದ್ದೋ ಫೋಟೋ ಕೂರಿಸಿ, ಹೊಲಿಗೆ ಕಾಣದಂತೆ ಮತ್ತೆ ಸುತ್ತುವುದು ಅವಳ ಕೆಲಸ. ಗೊಂಬೆಯೊಳಗೆ ಎಲುಬು ಜೋಡಿಸಿ ಕುಣಿಸುವವನು ಮೂಳೆ. ಯಜಮಾನನಿಗೆ ಮಾತ್ರ ಅಡ್ಡಹೆಸರಿರಲಿಲ್ಲ. ಇದ್ದರೂ ಅವನಿಗೆ ಕೇಳಿಸುವಂತೆ ಯಾರೂ ಹೇಳುತ್ತಿರಲಿಲ್ಲ.

ಅಕ್ಕನದು ಶಾಪಿಂಗ್ ಮಾಲ್‌ನ ನೆಲಮಹಡಿಯಲ್ಲಿ ಆಲ್ಟರೇಷನ್ ಅಂಗಡಿ. ಚಿಕ್ಕವಳಿದ್ದಾಗ ಕುದಿಯುವ ನೀರು ಬಿದ್ದು ಬಲಗೈ ಬೆಂದಿತ್ತು. ಎಂಥ ಸೆಕೆಯಲ್ಲೂ ಅವಳು ತುಂಬುತೋಳಿನ ಗುಂಡಿ ಬಿಚ್ಚಿದವಳಲ್ಲ. "ಬಟ್ಟೆ ಕೊಡೋಕೆ ಬರೋ ಮಕ್ಕಳು ಬೆಚ್ಚಿಬೀಳ್ತಾವೆ ಕಣೇ" ಎನ್ನುತ್ತಿದ್ದಳು. ಅಂಥವಳು ತಂಗಿ ಫೋಟೋ ತೆಗೆಯಲೆಂದು ತೋಳು ಮಡಚಿ ಕಿಟಕಿಯ ಬೆಳಕಿಗೆ ಕೈ ಚಾಚಿದ್ದಳು. ಹೊಸ ಆಟದಲ್ಲಿ ದೀಪಸ್ತಂಭ ಕಾಯುವ ಹೆಂಗಸೊಬ್ಬಳಿದ್ದಳು. ಬಿರುಗಾಳಿಯಲ್ಲಿ ಉರಿಯುವ ದೀಪವನ್ನು ಬರಿಗೈಯಲ್ಲಿ ಎತ್ತಿಹಿಡಿದು ದೋಣಿಗಳನ್ನು ದಡ ಸೇರಿಸಿದವಳು. ಅವಳ ಕೈಗೆ ಈ ಚರ್ಮ.

"ಒಳ್ಳೇ ಹೆಂಗಸಿಗಾದ್ರೆ ಹಚ್ಚು. ಮಚ್ಚೆ ಅಳಿಸಬೇಡ. ಅದಿಲ್ಲದಿದ್ರೆ ನನ್ನ ಕೈ ಅಂತ ನನಗೇ ಗೊತ್ತಾಗಲ್ಲ" ಎಂದಿದ್ದಳು ಅಕ್ಕ.

ಈಗ ಆ ಮಚ್ಚೆ ಜೌಗಿನ ಮುದುಕಿಯ ಮುಖದ ತುಂಬ. ಮಕ್ಕಳನ್ನು ಕೆಸರಿಗೆಳೆದು ನುಂಗುವವಳು, ಆಡುವವರು ದೊಣ್ಣೆಯಲ್ಲಿ ಹೊಡೆದು ಕೊಲ್ಲಬೇಕಾದವಳು. ಆಟದ ಜಾಹೀರಾತು ಶುಕ್ರವಾರದಿಂದ ಅದೇ ಮಾಲ್‌ನ ದೊಡ್ಡ ಪರದೆಯ ಮೇಲೆ, ಅಕ್ಕನ ಹೊಲಿಗೆ ಯಂತ್ರದ ಎದುರಿಗೇ ಓಡಲಿತ್ತು.

ಅವಳು ನೆಟ್ಟಗೆ ಯಜಮಾನನ ಕೋಣೆಗೆ ಹೋದಳು.

"ಸರ್, ಮುದುಕಿಗೆ ಆ ಚರ್ಮ ಹಚ್ಚಿದ್ದು ಯಾರು?"

"ನಾನೇ! ನೀನು ರಜಾದಲ್ಲಿದ್ದೆಯಲ್ಲ. ಎಲ್ಲರ ಫೋಲ್ಡರಲ್ಲೇ ಇತ್ತು, ಎಳೆದು ಹಾಕ್ದೆ. ಹೇಗಿದೆ? ನೋಡಿದ್ರೆ ವಾಕರಿಕೆ ಬರ್ಬೇಕು, ಹಾಗಿದೆ."

"ಅದು ದೀಪಸ್ತಂಭದವಳದು."

"ಅವಳನ್ನ ಕಥೆಯಿಂದ್ಲೇ ತೆಗೆದ್ವಲ್ಲ. ಇರೋ ಮಾಲು ಯಾಕೆ ಹಾಳ್ಮಾಡೋದು?"

"ಮಾಲಲ್ಲ ಸರ್. ನಮ್ಮಕ್ಕನ ಕೈ ಅದು."

ಯಜಮಾನ ನಕ್ಕ. "ಕೈನ ಮುಖಕ್ಕೆ ಹಚ್ಚಿದ ಮೇಲೆ ಕೈ ಎಲ್ಲಿ ಉಳೀತು? ಯಾರಿಗಮ್ಮ ಗೊತ್ತಾಗುತ್ತೆ? ಹೋಗು, ಮಚ್ಚೆ ಬೇಕಾದ್ರೆ ಒರೆಸು."

ಒರೆಸಬಹುದಿತ್ತು, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಕುರ್ಚಿಯಲ್ಲಿ ಕೂತವಳು ಮೌಸ್ ಮುಟ್ಟಲಿಲ್ಲ. ವಾಕರಿಕೆ ಎಂಬ ಮಾತು ಕಿವಿಯಲ್ಲಿ ಕಾದ ಎಣ್ಣೆಯಂತೆ ನಿಂತಿತ್ತು. ಮಚ್ಚೆ ಹೋದರೆ ಮಾತು ಹೋಗುತ್ತದೆಯೇ?

ಎಲ್ಲರೂ ತೆರೆಯಬಹುದಾದ ಆ ಚರ್ಮದ ಫೋಲ್ಡರಿನಲ್ಲಿ ಕಚೇರಿಯ ಎಲ್ಲರ ಮುಖಗಳೂ ಇದ್ದವು. ಕ್ಯಾಮೆರಾ ಹೊಸದಾಗಿ ಬಂದಾಗ ಯಜಮಾನನೇ ಮೊದಲು ಕೂತು ಮುಖದ ಫೋಟೋ ತೆಗೆಸಿಕೊಂಡಿದ್ದ: ಮೊಡವೆ ತೋಡಿದ ಕೆನ್ನೆಯ ಗುಳಿ, ಕಣ್ಣಿನ ಕೆಳಗಿನ ಚೀಲ, ಮೂಗಿನ ತುದಿಯ ಕೆಂಪು ನರ. ಸಿಪ್ಪೆ ಅದನ್ನು ತೆರೆದಳು. ಅವನಂತೆ ಎಳೆದು ಬಿಸಾಡಲಿಲ್ಲ. ಇಡೀ ದಿನ ಕೂತು ಮುದುಕಿಯ ಮುಖಕ್ಕೆ ಗುಳಿಗೆ ಗುಳಿ, ನರಕ್ಕೆ ನರ ಕೂರಿಸಿದಳು. ಜೀವನದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಪರದೆಯ ಮುಂದೆ ಸೇರಿದರು. ಮುದುಕಿ ಕೆಸರಿನಿಂದ ಎದ್ದಳು, ತಿರುಗಿದಳು, ಹಲ್ಲು ಕಿರಿದಳು. ಮೂಳೆ ಗಟ್ಟಿಯಾಗಿ ಕೆಮ್ಮಿದ. ಹಿಂದಿನ ಸಾಲಿನಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಹಿಡಿದರು.

"ಏನಿದು?" ಎಂದ ಯಜಮಾನ. ಅವನ ಕೈ ತಾನಾಗಿಯೇ ಕೆನ್ನೆಗೆ ಹೋಗಿತ್ತು.

"ಚರ್ಮ ಸರ್. ಎಲ್ಲರ ಫೋಲ್ಡರಲ್ಲೇ ಇತ್ತು."

"ತಮಾಷೆನಾ ಇದು? ನನ್ನ ಮರ್ಯಾದೆ..."

"ಯಾರಿಗೆ ಗೊತ್ತಾಗುತ್ತೆ ಸರ್?"

"ಇಲ್ಲಿರೋರಿಗೆಲ್ಲ ಗೊತ್ತಾಯ್ತಲ್ಲೇ!" ಅವನು ಮೇಜು ಗುದ್ದಿದ. "ತೆಗಿ ಅದನ್ನ! ಈಗ್ಲೇ!"

"ತೆಗೀತೀನಿ. ಹಳೇದನ್ನ ಮಾತ್ರ ವಾಪಸ್ ಹಾಕಲ್ಲ. ಮುದುಕಿ ಚರ್ಮ ನಾನೇ ಕೈಯಲ್ಲಿ ಬರೀತೀನಿ. ಯಾರದೂ ಅಲ್ಲದ್ದು. ಬೇಡ ಅಂದ್ರೆ ಬೇರೆಯವರನ್ನ ಹುಡುಕಿ."

ಶುಕ್ರವಾರದೊಳಗೆ ಬೇರೆಯವರು ಎಲ್ಲಿ ಸಿಗಬೇಕು? ಅವನು ಕೆಂಡದಂಥ ಕಣ್ಣು ಬಿಟ್ಟು, ಬಾಗಿಲು ಧಡಾರೆಂದು ಹಾಕಿಕೊಂಡು ಹೋದ. ಸಿಪ್ಪೆ ಯಾರದೂ ಅಲ್ಲದ ಚರ್ಮ ಬರೆದು ಮುಗಿಸಿದಳು, ಅಕ್ಕನ ಕೈಯ ಫೋಟೋವನ್ನು ಫೋಲ್ಡರಿನಿಂದ ಅಳಿಸಿದಳು.

ಗುರುವಾರ ಸಂಜೆ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅಕ್ಕ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ಯಂತ್ರ ನಿಲ್ಲಿಸಲಿಲ್ಲ. ಯಜಮಾನನ ಮುಖ ಹಚ್ಚಿದ ಭಾಗ ಬಂದಾಗ ಮಾತ್ರ ಪೆಡಲಿನಿಂದ ಕಾಲು ತೆಗೆದಳು.

"ಸರಿಯಾಗಿ ಕೂತ್ಕೊಳ್ತಾ?"

"ಅಳತೆ ತೆಗೆದು ಹೊಲಿದ ಹಾಗೆ."

ತಂಗಿ ನಕ್ಕಳು. ಅಕ್ಕ ನಗಲಿಲ್ಲ.

"ಅವನ ಮೇಲೆ ನನಗೇನೂ ಸಿಟ್ಟಿಲ್ಲ ಕಣೇ. ಅವನು ನನ್ನ ಕಂಡವನಲ್ಲ, ಮಾತು ಕೊಟ್ಟವನಲ್ಲ. ನಾನು ಹೆತ್ತ ತಾಯಿಗೂ ಸರಿಯಾಗಿ ತೋರಿಸದ ಕೈ. ನೀನು ಅದನ್ನ ಎಲ್ಲರ ಫೋಲ್ಡರಲ್ಲಿ ಇಟ್ಟೆ ಅಲ್ವಾ?"

"ನಮ್ಮಲ್ಲಿ ಎಲ್ಲಾನೂ ಅಲ್ಲೇ ಇಡೋದು ಅಕ್ಕಾ... ಅಭ್ಯಾಸ..."

"ಮರ ಇಡು, ಕಲ್ಲು ಇಡು. ನಾನು ಮರಾನಾ?"

ಮೂರು ದಿನದಿಂದ ಯಜಮಾನನ ಮೇಲೆ ಹರಿಹಾಯುತ್ತಿದ್ದ ಸಿಟ್ಟು ಈಗ ತಿರುಗಿ ಸಿಪ್ಪೆಯ ಮೇಲೇ ಬಂದಿತ್ತು.

"ಅಳಿಸ್ದೆ ಅಂದ್ಯಲ್ಲ, ಎಲ್ಲಾ ಕಡೆಯಿಂದ್ಲೂ?"

ಹೂಂ ಎನ್ನಲು ಬಾಯಿ ತೆರೆದವಳಿಗೆ ಮೂಳೆಯ ಕಂಪ್ಯೂಟರು ನೆನಪಾಯಿತು. ಕುಣಿಸಲೆಂದು ಅವನು ತೆಗೆದುಕೊಂಡಿದ್ದ ಹಳೆಯ ಮುದುಕಿ ಅದರಲ್ಲಿ ಇನ್ನೂ ಹಾಗೇ ಇದ್ದಳು, ಮುಖದ ತುಂಬ ಮಚ್ಚೆ ಹೊತ್ತು.

"ಇಲ್ಲ. ಇನ್ನೂ ಒಂದು ಕಡೆ ಇದೆ."

ಅಕ್ಕ ಕೊರಳಿನ ಅಳತೆ ಟೇಪನ್ನು ತೆಗೆದು ಮೊಳೆಗೆ ನೇತುಹಾಕಿದಳು. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ತೋಳಿನ ಗುಂಡಿ ಬಿಚ್ಚಿ, ಶಟರ್ ಎಳೆಯಲು ಬಲಗೈಯನ್ನೇ ಮೇಲೆತ್ತಿದಳು. ತೋಳು ಮೊಣಕೈವರೆಗೆ ಜಾರಿತು. ಎಸ್ಕಲೇಟರಿನಲ್ಲಿದ್ದ ಮಗುವೊಂದು ಬಾಯಿ ಬಿಟ್ಟುಕೊಂಡು ನೋಡಿತು. ಅಕ್ಕ ತೋಳು ಸರಿಪಡಿಸಲಿಲ್ಲ.

"ನಡಿ. ಅಳಿಸೋದನ್ನ ನಾನೇ ಕಣ್ಣಾರೆ ನೋಡ್ಬೇಕು" ಎಂದು ತಂಗಿಗಿಂತ ಮುಂದಾಗಿ ಹೊರಟಳು.