ಎಲ್ಲರೂ ಒಂದೇ ಅಚ್ಚು

"ಲೇ, ತಗಿಯೋ ಕೈಯ! ಬೋಳಿಮಗ್ನೆ, ಬಾಯಿಗೇ ಇಕ್ಕಕ್ ಬತ್ತೀಯಾ?"

ಆಲೆಮನೆಯ ಮಾಲೀಕ ಯತೀಶ ಕುರ್ಚಿಸಮೇತ ಹಿಂದಕ್ಕೆ ಜರುಗಿದ. ಪುಟ್ಟಮಾದಯ್ಯನ ಬೆರಳಲ್ಲಿದ್ದ ಬೆಲ್ಲದ ತುಂಡು ನೆಲಕ್ಕೆ ಬಿತ್ತು. ಕ್ಯಾಮೆರಾ ಹಿಡಿದಿದ್ದ ಸಂತೋಷ್ ಕಟ್ ಮಾಡಿದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲೊಂದೇ ಕೊತಕೊತ ಅನ್ನುತ್ತಿತ್ತು.

"ಸರ್, ಇದು ಕಾನ್ಸೆಪ್ಟು," ಜಾಹೀರಾತು ತೆಗೆಸಲು ಬಂದಿದ್ದ ದೀಪಶ್ರೀ ಮೇಡಂ ಗಾಬರಿಯಾದರು. "ಬೆಲ್ಲ ಮಾಡಿದ ಕಾರ್ಮಿಕ ಮಾಲೀಕರ ಬಾಯಿ ಸಿಹಿ ಮಾಡ್ತಾನೆ. ಕೊನೇಲಿ ಅಕ್ಷರ ಬರುತ್ತೆ: ಎಲ್ಲರೂ ಒಂದೇ ಅಚ್ಚು."

"ಅಕ್ಸರ ಬರ್ಲಿ ಕಣಮ್ಮ, ಬ್ಯಾಡ ಅಂದೋರ್ಯಾರು? ಅವನ ಕೈ ಬರಾದ್ ಬ್ಯಾಡ."

"ಆದ್ರೆ ಬೆಲ್ಲ ಮಾಡೋದೇ ಅವರಲ್ವಾ?"

"ಒಲೆ ಮುಂದೆ ಮಾಡಾದ್ ಬೇರೆ, ಬಾಯಿಗ್ ಇಕ್ಕಾದ್ ಬೇರೆ. ನಾಳೀಕೆ ಊರೋರು ನನ್ ಮಕಕ್ಕೆ ಉಗಿಯಾಕಿಲ್ವಾ?"

ಆ ಘೋಷವಾಕ್ಯ ಬರೆದದ್ದು ನಾನು. ಮಂಡ್ಯದಲ್ಲಿ ಪತ್ರಿಕೋದ್ಯಮ ಓದಿ ಬೆಂಗಳೂರಿನ ಪ್ರಚಾರ ಕಂಪನಿಯೊಂದರಲ್ಲಿ ಇಂಟರ್ನ್ ಆಗಿದ್ದೆ. ಸಂವಹನದ ಕೆಲಸ, ಸಂಭಾವನೆ ಇಲ್ಲ. ಕಲಿಕೆ ಮಾತ್ರ ಬೇಕಾದಷ್ಟು. ಎಸಿ ರೂಮಿನಲ್ಲಿ ಹಕಾರವನ್ನು ಬಿಗಿಹಿಡಿದು ಮಾತಾಡುವುದು. ಗಿರಾಕಿ ಕೆಮ್ಮಿದರೂ 'ಸೂಪರ್ ಸರ್' ಅನ್ನುವುದು. ಮೀಟಿಂಗು ಬೇಜಾರಾದಾಗ "ಅಶೋಕ್, ಆ ಮಳವಳ್ಳಿ ಭಾಷೆ ಮಾಡು" ಅಂದರೆ, ಒಡಕು ದನಿ ತೆಗೆದು "ಓಯ್ತೀನಿ ಕಣಮ್ಮೋ" ಅನ್ನುವುದು. ಅವರು ಮೇಜು ಬಡಿದು ನಗುತ್ತಿದ್ದರು. ಆ ದನಿ ಯಾರದೆಂದು ಒಬ್ಬರೂ ಕೇಳಲಿಲ್ಲ.

ನನ್ನ ಸೋದರಮಾವ ಪುಟ್ಟಮಾದಯ್ಯನದು. ಮಳವಳ್ಳಿ ಕಡೆಯ ನಮ್ಮ ಕೇರಿಯಿಂದ ಮದ್ದೂರಿನ ಈ ಆಲೆಮನೆಗೆ ಬಂದು, ಪಾಕ ತಿರುವುತ್ತಲೇ ಮುದುಕನಾದವನು. ಶೂಟಿಂಗಿಗೆಂದು ಕಂಪನಿ ಕೊಟ್ಟ ಬಿಳಿ ಅಂಗಿ ತೊಟ್ಟು ನಿಂತಿದ್ದ. "ಇಡಿಯೋದಲ್ ನನ್ ಮಕ ಬತ್ತದಂತೆ ಕಣ್ಲಾ!" ಎಂದು ಫೋನಿನಲ್ಲೇ ಕುಣಿದಿದ್ದ. "ಆದ್ರೆ ನಾನ್ ನಿನ್ ಮಾವ ಅಂತ ಬಾಯ್ಬುಡ್ಬ್ಯಾಡ. ನಿನ್ ಕೆಲ್ಸಕ್ ಕಲ್ ಬಿದ್ದಾತು." ನನ್ನ ಸರ್ಟಿಫಿಕೇಟು ಮೇಡಂ ಕೈಯಲ್ಲಿತ್ತು, ಈ ವಿಡಿಯೋ ಗೆದ್ದರೆ ಕಂಪನಿಯಲ್ಲಿ ಕೆಲಸವೂ.

ಮೇಡಂ ದಾರಿ ಹುಡುಕಿದರು. "ಕ್ಲೋಸಪ್ಪಲ್ಲಿ ಕೈ ಮಾತ್ರ ಸಾಕು. ಅಶೋಕ್, ಆ ಅಂಗಿ ನೀನು ಹಾಕ್ಕೊ."

ಯತೀಶ ನನ್ನನ್ನು ಮೇಲಿಂದ ಕೆಳಗೆ ಅಳೆದ. "ಯಾವ್ ಕಡೆಯೋರಪ್ಪ ತಾವು?"

"ಬೆಂಗಳೂರು, ಸರ್. ಜಯನಗರ." ಆಫೀಸು ಅಲ್ಲೇ ಇತ್ತು, ಸುಳ್ಳಲ್ಲ.

"ನೋಡುದ್ರೇ ಗೊತ್ತಾಯ್ತದೆ, ಒಳ್ಳೆ ಮನ್ತನ. ನೀವ್ ತಿನ್ಸಿ, ಅಡ್ಡಿಯಿಲ್ಲ. ಅಂಗಿ ಒಸದು, ಪರ್ವಾಗಿಲ್ಲ." ಮಾವನ ಕಡೆ ತಿರುಗಿದ. "ಬಿಚ್ಲಾ."

"ಆಯ್ತು ಬುದ್ಧಿ," ಅಂದ ಮಾವ. ಅವನನ್ನು ಮಾವ ಯಾವಾಗಲೂ ಬುದ್ಧಿ ಎಂದೇ ಕರೆಯುವುದು. ಎಷ್ಟು ಕರೆದರೂ ಅದು ಬಂದಿರಲಿಲ್ಲ.

ಎಲ್ಲರ ಮುಂದೆ ಗುಂಡಿ ಬಿಚ್ಚಿದ. ಎದೆ, ತೋಳಿನ ತುಂಬ ಪಾಕ ಸಿಡಿದು ಸುಟ್ಟ ಕಲೆಗಳು. ಮೇಡಂ ಅವನ್ನೇ ನೋಡುತ್ತಾ ಕಂದು ಬಣ್ಣ ತೆಗೆದು ನನ್ನ ಮುಂಗೈ ಮೇಲೆ ಅಂಥವೇ ಕಲೆ ಬರೆದರು. "ಅಥೆಂಟಿಕ್ ಆಗಿರ್ಲಿ."

ಅಂಗಿ ಇಸಿದುಕೊಳ್ಳುತ್ತಾ, "ಮಾವ, ಓಗ್ಬುಡಾನ ನಡಿ," ಎಂದು ಪಿಸುಗುಟ್ಟಿದೆ.

"ಮೊದ್ಲು ತಿನ್ಸ್ಲಾ. ಚೆಂದಾಗ್ ತಿನ್ಸು. ಆಮೇಲ್ ನೀನ್ಯಾರು ಅಂತ ಯೋಳು."

"ನಿನ್ ಕೆಲ್ಸ?"

"ನಿಂದು?"

ಹಾಲು ಪಾಕಕ್ಕೆ ಬಂದಿತ್ತು; ಮಾವ ಬರಿಮೈಯಲ್ಲೇ ಹೋಗಿ ಉದ್ದ ಹಿಡಿಯ ಹುಟ್ಟು ಹಿಡಿದು ತಿರುವತೊಡಗಿದ.

ಕ್ಯಾಮೆರಾ ಓಡಿತು. ಬೆಲ್ಲದ ಅಚ್ಚು ಮುರಿದು ಯತೀಶನ ನಾಲಿಗೆಯ ಮೇಲಿಟ್ಟೆ. ದೊಡ್ಡ ತುಂಡೇ ಇಟ್ಟೆ. ನನ್ನ ಬೆರಳಿಗಂಟಿದ್ದನ್ನೂ ಅವನು ತುಟಿಯಲ್ಲಿ ಚೀಪಿ, ಕ್ಯಾಮೆರಾ ಕಡೆ ಕಣ್ಣರಳಿಸಿದ.

ನಾನು ಮಾವನ ಒಡಕು ದನಿ ತೆಗೆದೆ. "ಸೀಯಾಗದಾ ಬುದ್ಧಿ?"

ಯತೀಶ ಬೆಚ್ಚಿ ಮಾವನತ್ತ ನೋಡಿದ.

"ನಾನಲ್ಲ ಬುದ್ಧಿ," ಅಂದ ಮಾವ. "ನನ್ ತಂಗಿ ಮಗ. ಗಂಟ್ಲೂ ಒಂದೇ, ಕೇರೀನೂ ಒಂದೇ."

ಯತೀಶನ ದವಡೆ ನಿಂತಿತು. ಉಗುಳಲು ಬಗ್ಗಿದವನಿಗೆ ಕ್ಯಾಮೆರಾದ ಕೆಂಪು ದೀಪ ಕಂಡಿತು. ಸಂತೋಷ್ ಈ ಸಲ ಕಟ್ ಮಾಡಿರಲಿಲ್ಲ.

"ಅಶೋಕ್! ಸರ್ಟಿಫಿಕೇಟ್ ಮರೆತುಬಿಡು!" ಮೇಡಂ ಚೀರಿದರು.

"ಅಥೆಂಟಿಕ್ ಆಗಿರ್ಲಿ, ಮೇಡಂ," ಅವರದೇ ದನಿಯಲ್ಲಿ ಅಂದೆ.

ಅಂಗಿ ಬಿಚ್ಚಿ ಮಾವನಿಗೆ ಕೊಟ್ಟೆ. ಅವನು ಹುಟ್ಟನ್ನು ಗೋಡೆಗೊರಗಿಸಿ, ತೋಳು ತೂರಿಸಿ, ಒಂದೊಂದೇ ಗುಂಡಿ ಹಾಕಿಕೊಳ್ಳತೊಡಗಿದ. ತಿರುವುವವರಿಲ್ಲದೆ ಪಾಕ ತಳ ಹತ್ತಿತು. ಸೀದ ವಾಸನೆ ಎದ್ದಿತು. ಯತೀಶ ಕೊಪ್ಪರಿಗೆಯ ಕಡೆ ಕೈಬೀಸಿ ಕೂಗಲು ನೋಡಿದ. ತುಂಬಿದ ಬಾಯಿಂದ ಬೆಲ್ಲದ ಜೊಲ್ಲು ಇಳಿಯಿತು, ಮಾತು ಬರಲಿಲ್ಲ.

ಹೊಗೆ ಕರ್ರಗಾಗುತ್ತಿತ್ತು. ಮಾವ ಕೊರಳ ಗುಂಡಿಯನ್ನೂ ಹಾಕಿಕೊಂಡ.