ಯಾರದೂ ಅಲ್ಲದ ವಿಮಾನ

"ಅಕ್ಷರ ಓದೋಕೆ ಬರಲ್ಲ ಅಂತಾನೇ ಕಣೇ ನಿನಗೆ ಅಕ್ಷರ ಕೆರೆಯೋ ಕೆಲಸ ಕೊಟ್ಟಿರೋದು. ಇಳಿಯೇ ಕೆಳಗೆ, ಮುಂಡೇದೆ. ಎಷ್ಟು ಸಲ ಕೂಗಬೇಕು ನಿನಗೆ?"

ಮೇಸ್ತ್ರಿ ಏಣಿಯ ಬುಡಕ್ಕೆ ಬೂಟಿನಿಂದ ಒದ್ದ. ಮೇಲೆ ಹೊಸ ಅಕ್ಷರದ ಅಂಚಿಗೆ ಸೋರಿದ ಬಣ್ಣ ಕೆರೆಯುತ್ತ ವಿಮಾನದ ಮೈಗೆ ಆತು ನಿಂತಿದ್ದ ಹೆಂಗಸು ಕೆರೆಯುವ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅವಸರದಲ್ಲಿ ಇಳಿದವರ ಗತಿ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಪ್ಪತ್ತು ವರ್ಷದಿಂದ ಆ ಶೆಡ್ಡಿನಲ್ಲಿ ಅವಳ ಹೆಸರು ಕೆರೆಯೋಳು. ಬಾಡಿಗೆ ಮುಗಿದ ವಿಮಾನಗಳು ಅಲ್ಲಿಗೆ ಬರುತ್ತವೆ. ಹಳೇ ಕಂಪನಿಯ ಕೈಯಿಂದ ಹೊಸ ಕಂಪನಿಯ ಕೈಗೆ, ಒಂದು ದೇಶದ ರಿಜಿಸ್ಟರಿನಿಂದ ಇನ್ನೊಂದು ದೇಶದ ರಿಜಿಸ್ಟರಿಗೆ ಹೋಗುವ ಮುಂಚೆ ಮೈಮೇಲಿನ ನೋಂದಣಿಯ ಐದು ಅಕ್ಷರ ಕೆರೆಸಿಕೊಂಡು, ಹೊಸ ಐದು ಬರೆಸಿಕೊಂಡು ಹೊರಡುತ್ತವೆ. ಬರೆಯುವವನು ಬಣ್ಣದ ಅಜ್ಜ. ಕೆರೆಯುವವರು ಇವಳು ಮತ್ತು ಇವಳ ತಮ್ಮ. ತಮ್ಮ ಕಳೆದ ತಿಂಗಳು ಇದೇ ವಿಮಾನದ ಏಣಿಯಿಂದ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಸರಕಾರಿ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದ. ಆಪರೇಷನ್ ಆಗದಿದ್ದರೆ ಇನ್ನು ನಡೆಯುವುದಿಲ್ಲ ಎಂದಿದ್ದರು ಡಾಕ್ಟರು. ಅದಕ್ಕೆ ಹಣ ಸಿಗಬೇಕಾದರೆ ಕೆಲಸ ಕೊಟ್ಟವರು ಹೊಣೆ ಒಪ್ಪಿ ಬರೆದುಕೊಡಬೇಕು. ಹಳೇ ಕಂಪನಿಗೆ ಹೋದರೆ ಹೊಸಬರನ್ನು ಕೇಳು ಎಂದರು, ಹೊಸಬರು ಗುತ್ತಿಗೆದಾರನ ಕಡೆ ಬೆರಳು ತೋರಿಸಿದರು, ಗುತ್ತಿಗೆದಾರ ಫೋನು ಎತ್ತುವುದನ್ನೇ ಬಿಟ್ಟ.

ಇವತ್ತು ತಾವಾಗಿಯೇ ಕರೆದಿದ್ದಾರೆ. ಅದೇ ಅವಳಿಗೆ ಸರಿ ಕಾಣಲಿಲ್ಲ.

ಆಫೀಸು ಕೋಣೆಯಲ್ಲಿ ಎರಡೂ ಕಂಪನಿಗಳ ಪರವಾಗಿ ಕೋಟು ತೊಟ್ಟ ವಕೀಲ ಕೂತಿದ್ದ. ಅವಳಿಗೂ ಒಂದು ಕುರ್ಚಿ ಹಾಕಿದ್ದರು, ಮುಂದೆ ಬಿಸಿ ಟೀ. ಇಪ್ಪತ್ತು ವರ್ಷದಲ್ಲಿ ಆ ಕೋಣೆಯ ಕುರ್ಚಿ ಒರೆಸಿದ್ದಳೇ ಹೊರತು ಕೂತವಳಲ್ಲ. ಏನೋ ಮಸಲತ್ತಿದೆ ಎಂದುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಟೀ ಮುಟ್ಟಲಿಲ್ಲ.

"ತಮ್ಮ ಹೇಗಿದ್ದಾನಮ್ಮ?" ವಕೀಲ ಕೇಳಿದ.

"ಮಲಗಿದಾನೆ."

"ಪಾಪ. ನೋಡು, ಇದು ಸಣ್ಣ ಕಾಗದ. ಬಾಗಿಲ ಹತ್ತಿರದ ಬಿಲ್ಲೆ ಬಿಚ್ಚಿದ್ದು ನೀನೇ ತಾನೆ? ಬಿಚ್ಚಿದವರ ಹೆಬ್ಬೆಟ್ಟು ಬೇಕು. ಅಷ್ಟೇ."

ಬಿಲ್ಲೆ ಅವಳಿಗೆ ಗೊತ್ತಿರದ ವಸ್ತುವೇನಲ್ಲ. ವಿಮಾನದ ಹೆಸರು ಕೊರೆದ ಉಕ್ಕಿನ ತುಂಡು. ವಿಮಾನವೇ ಸುಟ್ಟು ಹೋದರೂ ಅದು ಸುಡುವುದಿಲ್ಲ. ಹಳೇ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕಿದ ಪತ್ರ ಬಂದ ಮೇಲೇ ಅದನ್ನು ಬಿಚ್ಚಬೇಕು, ಬಿಚ್ಚಿದ ಮೇಲೇ ಮೈಮೇಲಿನ ಅಕ್ಷರಕ್ಕೆ ಪಟ್ಟಿ ಹಾಕಬೇಕು. ಆದರೆ ಆ ಸಲ ಮೇಸ್ತ್ರಿಗೆ ಅವಸರ. ಪತ್ರ ಬರುವ ಮೊದಲೇ ತಮ್ಮನನ್ನು ಏಣಿ ಹತ್ತಿಸಿದ್ದ. ತಮ್ಮ ಬಿದ್ದದ್ದು ಹನ್ನೆರಡನೇ ತಾರೀಖು. ಪತ್ರ ಬಂದದ್ದು, ಅವಳು ಬಿಲ್ಲೆ ಬಿಚ್ಚಿದ್ದು ಹದಿನಾಲ್ಕಕ್ಕೆ. ಅಲ್ಲಿಯವರೆಗೆ ವಿಮಾನ ಹಳಬರದೇ.

ಅವಳು ಕಾಗದ ಹತ್ತಿರಕ್ಕೆ ಎಳೆದುಕೊಂಡಳು. ಮೇಸ್ತ್ರಿ ಕಿಸಕ್ಕೆಂದು ನಕ್ಕ. "ಓದ್ತಾಳಂತೆ ಸಾರ್, ಪಂಡಿತೆ."

ಓದಲು ಅವಳಿಗೆ ಬರುತ್ತಿರಲಿಲ್ಲ ನಿಜ. ಯಾವ ಅಕ್ಷರ ಬಾಯಲ್ಲಿ ಹೇಗೆ ನುಡಿಯುತ್ತದೋ ಅವಳಿಗೆ ಗೊತ್ತಿಲ್ಲ. ಆದರೆ ಒಂದೊಂದರ ಮೂಲೆ ಮುಡುಕೂ ಅವಳ ಬೆರಳಿಗೆ ಗೊತ್ತು, ಅಂಕಿಗಳಂತೂ ಗುರುತು ಸಿಗುತ್ತಿದ್ದವು. ಕಾಗದದ ತಲೆಯಲ್ಲಿ ಈ ವಿಮಾನದ ಹಳೇ ಐದು ಅಕ್ಷರ ಕೂತಿದ್ದವು. ಎರಡನೆಯದರ ಹೊಟ್ಟೆ ಕೆರೆಯುವಾಗಲೇ ತಮ್ಮ ಜಾರಿದ್ದು. ಅದರ ಕೆಳಗೆ ತಾರೀಖಿನ ಜಾಗದಲ್ಲಿ ಎರಡು ಕಡ್ಡಿ, ಪಕ್ಕಪಕ್ಕ. ಅವಳು ರವಿಕೆಯೊಳಗಿಂದ ಬೆವರಿಗೆ ಮೆತ್ತಗಾದ, ತಮ್ಮ ಬಿದ್ದ ದಿನದ ಆಸ್ಪತ್ರೆ ಚೀಟಿ ತೆಗೆದು ಪಕ್ಕಕ್ಕಿಟ್ಟಳು. ಅಲ್ಲಿ ಒಂದು ಕಡ್ಡಿ, ಒಂದು ಬಾಗಿದ್ದು.

"ಇದು ಹನ್ನೊಂದು," ಎಂದಳು. "ನಾನು ಬಿಚ್ಚಿದ್ದು ಹದಿನಾಲ್ಕಕ್ಕೆ."

ಮೇಸ್ತ್ರಿಯ ನಗು ನಿಂತಿತು. ವಕೀಲ ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

"ತಾರೀಖು ಬರೆಯೋದು ನಮ್ಮ ಕೆಲಸ ಕಣಮ್ಮ. ಬಿಡಿಸಿ ಹೇಳ್ತೀನಿ ಕೇಳು. ಹನ್ನೊಂದಕ್ಕೆ ಬಿಲ್ಲೆ ಬಿಚ್ಚಿ, ಅಕ್ಷರ ಕೆರೆದು, ಹಳಬರು ಕೈ ಬಿಟ್ಟರು. ಹೊಸಬರ ಹೆಸರಿಗೆ ಹತ್ತಿದ್ದು ಹದಿನೈದಕ್ಕೆ. ನಡುವೆ ಅದು ಯಾವ ರಿಜಿಸ್ಟರಲ್ಲೂ ಇಲ್ಲ. ಹನ್ನೆರಡಕ್ಕೆ ಅದು ಯಾರದೂ ಅಲ್ಲ."

"ಮತ್ತೆ ನನ್ ತಮ್ಮ ಯಾರ ವಿಮಾನದಿಂದ ಬಿದ್ದ?"

"ಅವನನ್ನ ಯಾರೂ ಹತ್ತು ಅಂದಿರಲಿಲ್ಲ. ಕೆಲಸ ಹಿಂದಿನ ದಿನವೇ ಮುಗಿದಿತ್ತು. ಹಾಗಂತಲೂ ಇದರಲ್ಲಿದೆ."

ಅವಳು ಮೇಸ್ತ್ರಿಯ ಮುಖ ನೋಡಿದಳು. ಹತ್ತೋ ಬೋಳಿಮಗನೆ, ಸಂಜೆಯೊಳಗೆ ಮುಗೀಬೇಕು ಎಂದು ಕೂಗಿದ ಬಾಯಿ ಈಗ ಗೋಡೆ ನೋಡುತ್ತಿತ್ತು.

"ಒತ್ತೇ," ಎಂದ ಅವನು ಗೋಡೆ ನೋಡುತ್ತಲೇ. "ಮೂರು ಗಂಟೆಗೆ ಹೊಸ ರಿಜಿಸ್ಟರಿನ ಸಾಹೇಬರು ಅಕ್ಷರ ನೋಡೋಕೆ ಬರ್ತಾರೆ. ಸಂಜೆ ಇದು ಹಾರಬೇಕು. ಒತ್ತದಿದ್ರೆ ನಾಳೆಯಿಂದ ಗೇಟಿನ ಹತ್ತಿರ ಸುಳೀಬೇಡ."

ಅವಳ ಮೈಯೆಲ್ಲ ಉರಿಯಿತು. ಇವನಿಗೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ಚೀಟಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಎದ್ದಳು.

"ಕೈಯೆಲ್ಲ ಬಣ್ಣ ಆಗಿದೆ. ತೊಳ್ಕೊಂಡು ಬರ್ತೀನಿ."

ನಲ್ಲಿ ಎಡಕ್ಕಿತ್ತು. ಅವಳು ಬಲಕ್ಕೆ ಹೋದಳು. ವಿಮಾನದ ಬಾಲದ ಕೆಳಗೆ ಬಣ್ಣದ ಅಜ್ಜ ಬ್ರಷ್ಷು ತೊಳೆಯುತ್ತಿದ್ದ. ಬೆಳಿಗ್ಗೆ ಅವನು ಬರೆದ ಹೊಸ ಐದು ಅಕ್ಷರ ಮೇಲೆ ಮಿರಿಮಿರಿ ಮಿಂಚುತ್ತಿದ್ದವು.

"ಅಜ್ಜ, ನಿಮ್ಮ ಕೆಲಸ ಹಾಳು ಮಾಡ್ತೀನಿ. ಬೈಕೋಬೇಡಿ."

ಅಜ್ಜ ಅವಳ ಮುಖ ನೋಡಿದ. ಆಫೀಸಿನ ಬಾಗಿಲು ನೋಡಿದ. ತಮ್ಮ ಬಿದ್ದ ದಿನ ಅವನ ತಲೆಯನ್ನು ಮಡಿಲಲ್ಲಿ ಹಿಡಿದು ಕೂತವನು ಈ ಮುದುಕನೇ.

"ಇನ್ನೂ ಹಸಿ ಇದೆ," ಎಂದ. "ಬೇಗ ಬರುತ್ತೆ."

ಅವಳು ಹತ್ತಿದಳು. ಸೊಂಟದಿಂದ ಪಟ್ಟಿ ಎಳೆದು ಮೊದಲನೇ ಅಕ್ಷರದ ನೆತ್ತಿಗೆ ಕೊಟ್ಟು ಕೆಳಕ್ಕೆಳೆದಳು. ಬಣ್ಣ ಕೆನೆಯ ಹಾಗೆ ಸುರುಳಿಯಾಗಿ ಬಂತು. ಮೇಸ್ತ್ರಿ ಕಿರುಚುತ್ತ ಓಡಿಬರುವ ಹೊತ್ತಿಗೆ ಎರಡು ಅಕ್ಷರ ಹೋಗಿದ್ದವು, ಅಜ್ಜ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ.

"ಏಳೋ ಮುದುಕ."

"ಸೊಂಟ ಹಿಡ್ಕೊಂಡಿದೆ ಮೇಸ್ತ್ರಿ. ಏಳೋಕಾಗ್ತಿಲ್ಲ."

ಹಿಂದೆಯೇ ವಕೀಲ ಬಂದ, ಅವನ ಹಿಂದೆ ಗಡಿಯಾರ ನೋಡಿಕೊಳ್ಳುತ್ತ ಹೊಸ ಕಂಪನಿಯವರು, ಹೊಸ ರಿಜಿಸ್ಟರಿನ ಸಾಹೇಬರು. ಎಲ್ಲರೂ ತಲೆ ಎತ್ತಿ ನಿಂತರು. ಐದನೆಯದನ್ನೂ ಕೆರೆದು ಮುಗಿಸಿ, ಬರೀ ಬಿಳಿ ಉಳಿದ ಮೈಯನ್ನು ಸೆರಗಿನಿಂದ ಒರೆಸಿ, ಅವಳು ಕೆಳಗೆ ನೋಡಿದಳು.

"ಈಗ ಹೇಳಿ ಸಾರ್," ಎಂದಳು ವಕೀಲನಿಗೆ. "ಇದು ಯಾರ್ದು?"

ಸಾಹೇಬರು ಕೈಯಲ್ಲಿದ್ದ ಕಾಗದ ಮಡಿಸಿದರು; ಅಕ್ಷರವಿಲ್ಲದ ವಿಮಾನ ಹಾರುವಂತಿಲ್ಲ. ಅವಳು ಇಳಿಯಲಿಲ್ಲ. ಏಣಿಯ ಮೇಲೆಯೇ ಕೂತು, ರವಿಕೆಯೊಳಗಿನ ಚೀಟಿ ತೆಗೆದು, ಹೊಣೆ ಬರೆದುಕೊಡುವವರು ಮುಂದೆ ಬರಲಿ ಎಂದು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಳು.